8 ಕಿಲೋ ಅಂಟಿನ ಆರ್ಡರ್

ನಾನು ಸಿಲಿಕೋನ್ ಅಂಟು ತಯಾರಿಸುವ ಕಾರ್ಖಾನೆಯಲ್ಲಿ ಕೆಮಿಸ್ಟ್. ನಮಗೆ ಆರ್ಡರ್ ಬರುವುದೇ ಡ್ರಮ್ ಲೆಕ್ಕದಲ್ಲಿ. ಉಪಗ್ರಹದ ಕ್ಯಾಮೆರಾ ಮಾಡುವವರು ಬರೀ 8 ಕಿಲೋ ಕೇಳಿದಾಗ ಸೇಲ್ಸ್‌ನವರು ನಕ್ಕರು. ನಾನೂ ನಕ್ಕೆ, ಅವರ ಷರತ್ತಿನ ಹಾಳೆ ಓದುವ ತನಕ.

ಅಂಟನ್ನು ನಿರ್ವಾತದಲ್ಲಿ, 125 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 24 ಗಂಟೆ ಇಟ್ಟರೆ ತೂಕ ಶೇ. 1ಕ್ಕಿಂತ ಜಾಸ್ತಿ ಇಳಿಯಬಾರದು. ಹೊರಬಂದ ಆವಿಯಲ್ಲಿ 25 ಡಿಗ್ರಿಯ ತಟ್ಟೆಗೆ ಹತ್ತಿಕೊಳ್ಳುವ ಭಾಗ ಅಂಟಿನ ಮೂಲ ತೂಕದ ಶೇ. 0.1 ದಾಟಬಾರದು. ಯಾಕೆಂದರೆ ಗಾಳಿಯಿಲ್ಲದ ಕಡೆ ಅಂಟಿನ ಹಗುರ ಅಣುಗಳು ಎದ್ದು, ಎಲ್ಲಿ ತಂಪಿದೆಯೋ ಅಲ್ಲಿ ಹೋಗಿ ಕೂರುತ್ತವೆ. ಕ್ಯಾಮೆರಾದಲ್ಲಿ ಅದು ಲೆನ್ಸೋ ಸೆನ್ಸರೋ ಆಗಿರುತ್ತದೆ. 1999ರಲ್ಲಿ ಹಾರಿದ ಸ್ಟಾರ್‌ಡಸ್ಟ್ ನೌಕೆಯ ಕ್ಯಾಮೆರಾ ಮೇಲೂ ಹೀಗೇ ಮಬ್ಬು ಕವಿದಿತ್ತು. ಬಿಸಿ ಮಾಡಿ ಮಾಡಿ ತಿಳಿಯಾಗಿಸಬೇಕಾಯಿತು. ಅಲ್ಲಿಗೆ ಹೋಗಿ ಬಟ್ಟೆಯಲ್ಲಿ ಒರೆಸೋಕಾಗುತ್ತಾ?

ನಮ್ಮ ಮಾಮೂಲಿ ಅಂಟು ಮೊದಲ ಪರೀಕ್ಷೆಯಲ್ಲೇ ಫೇಲ್. ತಟ್ಟೆಯನ್ನು ದೀಪಕ್ಕೆ ಓರೆಯಾಗಿ ಹಿಡಿದರೆ, ನೀರಿನ ಮೇಲೆ ಎಣ್ಣೆ ಹರಡಿದಂತೆ ಬಣ್ಣಬಣ್ಣದ ಪೊರೆ. ಸಿಲಿಕೋನ್ ಪಾಲಿಮರ್ ಆಗುವಾಗ ಉದ್ದ ಸರಪಳಿಗಳ ನಡುವೆ ಉಂಗುರದಂಥ ಸಣ್ಣ ಅಣುಗಳೂ ಉಳಿದುಬಿಡುತ್ತವೆ. ಕಿತಾಪತಿ ಅವುಗಳದ್ದೇ. ಗಟ್ಟಿಯಾದ ಅಂಟನ್ನು ಓವನ್‌ನಲ್ಲಿಟ್ಟು ನೋಡಿದೆ. ತೂಕದ ನಷ್ಟ ತಗ್ಗಿತು, ಪೊರೆ ಹೋಗಲಿಲ್ಲ. ದೊಡ್ಡ ಉಂಗುರಗಳು ಅಷ್ಟು ಸುಲಭಕ್ಕೆ ಜಾಗ ಬಿಡುವುದಿಲ್ಲ.

ಕೊನೆಗೆ ಅಂಟು ಬೆರೆಸುವ ಮೊದಲೇ ಪಾಲಿಮರನ್ನು ಥಿನ್ ಫಿಲ್ಮ್ ಇವಾಪರೇಟರ್‌ನಲ್ಲಿ ಹಾಯಿಸಿದೆವು. ಒಳಗೆ ನಿರ್ವಾತ, ಬಿಸಿ ಗೋಡೆ. ತಿರುಗುವ ಬ್ಲೇಡು ಪಾಲಿಮರನ್ನು ಗೋಡೆಗೆ ತೆಳ್ಳಗೆ ಸವರುತ್ತದೆ. ಪದರ ತೆಳುವಾದಷ್ಟೂ ಉಂಗುರಗಳಿಗೆ ಹೊರದಾರಿ ಹತ್ತಿರ. ಎರಡು ಸಲ ಹಾಯಿಸಿದ ಮೇಲೆ ತಟ್ಟೆ ಸ್ವಚ್ಛ.

ಮುಂದಿನ ಬ್ಯಾಚ್ ಮತ್ತೆ ಕೈಕೊಟ್ಟಿತು! ಪಾಲಿಮರ್ ಸರಿಯಿತ್ತು, ಅದಕ್ಕೆ ಬೆರೆಸುವ ಪುಡಿ, ಅಂದರೆ ಫಿಲ್ಲರೂ ಸರಿಯಿತ್ತು. ಎರಡು ವಾರ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು: ಅಂಟು ತುಂಬುವ ಸಿರಿಂಜಿನ ಪ್ಲಂಜರ್ ಸರಾಗ ಜಾರಲಿ ಅಂತ ತಯಾರಕರೇ ಸಿಲಿಕೋನ್ ಎಣ್ಣೆ ಸವರಿದ್ದರು.

ರಾಕೆಟ್ ಇಂಧನದವರ ಲೆಕ್ಕವೇ ಬೇರೆ ಬಿಡಿ. ಸ್ಪೇಸ್ ಷಟಲ್‌ನ ಒಂದೊಂದು ಬೂಸ್ಟರ್‌ಗೂ ಸುಮಾರು 500 ಟನ್ ಇಂಧನ ಬೇಕಿತ್ತು, ಅದರಲ್ಲಿ ಹೆಚ್ಚುಕಡಿಮೆ ಶೇ. 70 ಅಮೋನಿಯಂ ಪರ್‌ಕ್ಲೋರೇಟ್ ಅನ್ನೋ ಒಂದೇ ರಾಸಾಯನಿಕ. ನಮ್ಮ 8 ಕಿಲೋದಿಂದ ಇವಾಪರೇಟರ್ ಖರ್ಚೂ ಹುಟ್ಟಲಿಲ್ಲ. ಆ ಖರ್ಚು ತೀರಿಸಿದ್ದು ರಿಲೇ, ಅಂದರೆ ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್ ಮಾಡುವವರು. ರಿಲೇಯೊಳಗೆ ಕಿಡಿ ಹಾರಿದಾಗ ಸಿಲಿಕೋನ್ ಆವಿ ಮರಳಿನಂಥ ಸಿಲಿಕಾ ಆಗಿ, ಒಂದಕ್ಕೊಂದು ತಾಗುವ ಲೋಹದ ತುದಿಗಳ (ಕಾಂಟ್ಯಾಕ್ಟ್) ಮೇಲೆ ಕೂರುತ್ತದೆ, ಕರೆಂಟ್ ಹರಿಯುವುದಿಲ್ಲ. ಆವಿ ಬಿಡದ ಅಂಟು ಇದೆ ಅಂತ ಗೊತ್ತಾದ ಮೇಲೆ ಅವರೂ ಬಂದರು, ಡ್ರಮ್ ಲೆಕ್ಕದಲ್ಲೇ. ಹೊರತೆಗೆದ ಉಂಗುರಗಳನ್ನೂ ಈಗ ಎಸೆಯುವುದಿಲ್ಲ. ಮುಂದಿನ ಪಾಲಿಮರ್‌ಗೆ ಕಚ್ಚಾಮಾಲಾಗಿ ವಾಪಸ್ ರಿಯಾಕ್ಟರ್‌ಗೆ ಹಾಕುತ್ತೇವೆ.