ಸ್ಯಾಟರ್ನ್ 5ಕ್ಕೆ ಹಾಸನದಲ್ಲಿ ಬಣ್ಣ ಆರಿಸಿದ ಬಗೆ

ಮಾದರಿ ರಾಕೆಟ್ ಕಟ್ಟುವವರಲ್ಲಿ ಹೆಚ್ಚಿನವರು ಮೊದಲು ಕೇಳುವ ಪ್ರಶ್ನೆ, ಆ ರಾಕೆಟ್ಟಿನ ಬಣ್ಣ ಯಾವುದು ಎಂಬುದು. ಅದಕ್ಕೂ ಮುಂಚೆ ಆ ರಾಕೆಟ್ಟಿನ ಯಾವ ದಿನವನ್ನು ತೋರಿಸಬೇಕೆಂದು ತೀರ್ಮಾನಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ ಎಂಬುದು ನನ್ನ ಅನುಭವ. 1:144 ಅಳತೆಯ ಸ್ಯಾಟರ್ನ್ 5 ಕೈಗೆತ್ತಿಕೊಂಡಾಗ ನಾನು ಆರಿಸಿಕೊಂಡದ್ದು 1969ರ ಜುಲೈ 16, ಅಂದರೆ ಅಪೊಲೊ 11 ಹೊರಟ ಬೆಳಗು. 110.6 ಮೀಟರ್ ಎತ್ತರದ ಆ ವಾಹನ ಈ ಅಳತೆಯಲ್ಲಿ ಸುಮಾರು 77 ಸೆಂಟಿಮೀಟರ್ ಆಗುತ್ತದೆ. ಗಾಜಿನ ಬೀರುವಿನಲ್ಲಿ ನಿಲ್ಲಿಸಬಹುದು.

ದಿನ ಗೊತ್ತಾದ ಕೂಡಲೇ ಪೆಟ್ಟಿಗೆಯೊಳಗಿನ ಸೂಚನಾಪತ್ರವನ್ನು ಅನುಮಾನದಿಂದ ನೋಡಬೇಕಾಗುತ್ತದೆ. ಹಳೆಯ ಕಿಟ್‌ಗಳಲ್ಲಿ ಹಲವು 500ಎಫ್ ಎಂಬ ವಾಹನವನ್ನು ಅನುಸರಿಸಿವೆ. ಅದು 1966ರಲ್ಲಿ ಜೋಡಣೆ ಮತ್ತು ಉಡಾವಣಾ ವೇದಿಕೆಯ ವ್ಯವಸ್ಥೆಗಳನ್ನು ಪರೀಕ್ಷಿಸಲು ಹೊರತಂದ, ಎಂದೂ ಹಾರದ ರಾಕೆಟ್. ಅದರ ಮೊದಲ ಹಂತದಲ್ಲಿ, ಎರಡು ತೊಟ್ಟಿಗಳ ನಡುವಿನ ಭಾಗಕ್ಕೂ ಕಪ್ಪು ಬಳಿದಿದ್ದರು. ಕಪ್ಪು ಬಿಸಿಲನ್ನು ಹೀರಿ ಆ ಭಾಗ ಕಾಯುತ್ತಿದ್ದುದರಿಂದ, ಹಾರಿದ ವಾಹನಗಳಲ್ಲಿ ಅದನ್ನು ಬಿಳಿಯಾಗಿಸಿದರು. ಆದ್ದರಿಂದ ಸೂಚನಾಪತ್ರದಂತೆ ಬಳಿದರೆ ಚಂದ್ರನತ್ತ ಹೊರಟದ್ದರ ಬದಲು ನೆಲ ಬಿಡದ ರಾಕೆಟ್ ಸಿದ್ಧವಾಗುತ್ತದೆ. ಉಳಿದ ಕಪ್ಪು ಪಟ್ಟಿಗಳು ಅಲಂಕಾರಕ್ಕಾಗಿ ಇದ್ದವಲ್ಲ. ವಾಹನ ತನ್ನ ಅಕ್ಷದ ಸುತ್ತ ತಿರುಗುವುದನ್ನು ನೆಲದ ಕ್ಯಾಮೆರಾಗಳು ಗುರುತಿಸಲೆಂದು ಇದ್ದವು. ಹಾಗಾಗಿ ಅವುಗಳ ಅಂಚು ಎಲ್ಲಿ ಆರಂಭವಾಗಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಛಾಯಾಚಿತ್ರ ನೋಡಿಯೇ ಗುರುತು ಹಾಕಿಕೊಂಡೆ.

ತುದಿಯಲ್ಲಿರುವ, ಗಗನಯಾತ್ರಿಗಳು ಕೂರುವ ಕಮಾಂಡ್ ಮಾಡ್ಯೂಲ್‌ಗೆ ಅನೇಕರು ಬೆಳ್ಳಿಬಣ್ಣ ಹಚ್ಚುತ್ತಾರೆ. ಬಾಹ್ಯಾಕಾಶದ ಚಿತ್ರಗಳಲ್ಲಿ ಅದು ಹಾಗೆ ಹೊಳೆಯುವುದು ನಿಜ; ಆದರೆ ಉಡಾವಣೆಯ ಹೊತ್ತಿನಲ್ಲಿ ಅದರ ಮೇಲೆ ಬಿಳಿಯ ರಕ್ಷಾಕವಚ ಇರುತ್ತಿತ್ತು. ಅದರ ಕೆಳಗಿನ ಸರ್ವಿಸ್ ಮಾಡ್ಯೂಲ್‌ಗೆ ಮಾತ್ರ ಬೆಳ್ಳಿ ಸಲ್ಲುತ್ತದೆ. ಇನ್ನು ಉಡಾವಣೆಯ ಚಿತ್ರಗಳನ್ನೇ ನಂಬುವಂತೆಯೂ ಇಲ್ಲ. ಸೊನ್ನೆಗಿಂತ 183 ಡಿಗ್ರಿ ಕೆಳಗಿನ ದ್ರವ ಆಮ್ಲಜನಕ ತುಂಬಿದ ತೊಟ್ಟಿಯ ಹೊರಮೈಗೆ ಹಿಮ ಕಟ್ಟಿಕೊಂಡು, ಬಣ್ಣವಲ್ಲದ ಬಿಳಿಯೊಂದು ಅಲ್ಲಿ ಸೇರಿರುತ್ತದೆ. ವಸ್ತುಸಂಗ್ರಹಾಲಯಗಳಲ್ಲಿರುವ ಸ್ಯಾಟರ್ನ್‌ಗಳಂತೂ ವರ್ಷಗಟ್ಟಲೆ ಬಿಸಿಲು ಮಳೆಗೆ ಮೈಯೊಡ್ಡಿ ಆಮೇಲೆ ಹೊಸ ಬಣ್ಣ ಕಂಡವು. ಆಕಾರಕ್ಕೆ ಅವು ಸಾಕ್ಷಿಯಾದಾವು, ಬಣ್ಣಕ್ಕೆ ಆಗಲಾರವು.

ಬಿಳಿಯನ್ನು ಆರಿಸುವುದೇ ಎಲ್ಲಕ್ಕಿಂತ ಕಷ್ಟ. ಅಮೆರಿಕದ ಫೆಡರಲ್ ಸ್ಟ್ಯಾಂಡರ್ಡ್ 595 ಎಂಬ ಬಣ್ಣಪಟ್ಟಿಯಲ್ಲಿ ಪ್ರತಿ ಬಣ್ಣಕ್ಕೂ ಐದಂಕಿಯ ಸಂಖ್ಯೆಯಿದ್ದು, ಮೊದಲ ಅಂಕಿ ಹೊಳಪನ್ನು ಹೇಳುತ್ತದೆ: 17875 ಹೊಳೆಯುವ ಬಿಳಿ, 37875 ಅದೇ ಬಿಳಿಯ ಹೊಳಪಿಲ್ಲದ ರೂಪ. ಬಿ.ಎಂ. ರಸ್ತೆಯ ಬಣ್ಣದ ಅಂಗಡಿಯಲ್ಲಿ ಈ ಸಂಖ್ಯೆಗಳು ನಡೆಯುವುದಿಲ್ಲ. ಅಲ್ಲಿಯ ಶೇಡ್ ಕಾರ್ಡನ್ನು ಬಾಗಿಲಿನ ಬೆಳಕಿಗೆ ಹಿಡಿದು ನಾನು ತಿರುಗಿಸುತ್ತಿದ್ದರೆ, ಅಂಗಡಿಯವರು, ‘ಬಿಳಿ ಅಂದ್ರೆ ಬಿಳೀನೇ ಅಲ್ವಾ ಸಾರ್, ನೀವೇನು ಎಂಸಿಎಫ್‌ನವರಾ?’ ಎಂದು ಕೇಳಿದರು. ಇಸ್ರೋದ ನಿಯಂತ್ರಣ ಕೇಂದ್ರ ಇರುವ ಊರಿನಲ್ಲಿ ರಾಕೆಟ್ ಎಂದರೆ ಈ ಪ್ರಶ್ನೆ ಸಹಜವೇ. ಅಲ್ಲಿ ನೋಡಿಕೊಳ್ಳುವುದು ಉಪಗ್ರಹಗಳನ್ನು ಎಂದು ಹೇಳಿ, ಎನಾಮಲ್ ಬಿಟ್ಟು ಅಕ್ರಿಲಿಕ್ ಬಿಳಿ ಕೊಡಿ ಎಂದೆ. ಎಣ್ಣೆ ಮೂಲದ ಎನಾಮಲ್ ಬಿಳಿ, ಬೆಳಕು ಬೀಳದ ಬೀರುವಿನಲ್ಲಿ ಕಾಲಕ್ರಮೇಣ ಹಳದಿಗೆ ತಿರುಗುತ್ತದೆ.

ಸಂಖ್ಯೆ ಕರಾರುವಾಕ್ಕಾಗಿ ಸಿಕ್ಕರೂ ಅದನ್ನು ಹಾಗೆಯೇ ಬಳಿಯಲು ನನಗೆ ಮನಸ್ಸಿಲ್ಲ. ಈ ಅಳತೆಯ ಮಾದರಿಯನ್ನು ಒಂದು ಮೀಟರ್ ದೂರದಿಂದ ನೋಡುವುದು ನಿಜವಾದ ರಾಕೆಟ್ಟನ್ನು 144 ಮೀಟರ್ ದೂರದಿಂದ ನೋಡಿದಂತೆ. ಅಷ್ಟು ದೂರದ ಗಾಳಿ ಬೆಳಕಿನಲ್ಲಿ ಕಡುಗಪ್ಪು ತುಸು ಬೂದಾಗಿ ಕಾಣುತ್ತದೆ. ಅದಕ್ಕೆಂದು ಕಪ್ಪಿಗೆ ಸ್ವಲ್ಪ ಬಿಳಿಯನ್ನೂ ಬಿಳಿಗೆ ಒಂದೆರಡು ಹನಿ ಬೂದನ್ನೂ ಬೆರೆಸಿ, ಪ್ಲಾಸ್ಟಿಕ್ ತುಂಡುಗಳ ಮೇಲೆ ಬಳಿದು, ಕಿಟಕಿಯ ಬೆಳಕಿನಲ್ಲಿಯೂ ರಾತ್ರಿ ಎಲ್‌ಇಡಿ ದೀಪದಲ್ಲಿಯೂ ಹೋಲಿಸಿದೆ. ಎರಡರಲ್ಲೂ ಒಪ್ಪುವ ಮಿಶ್ರಣವನ್ನೇ ಉಳಿಸಿಕೊಂಡೆ.

ಬಳಿಯುವಾಗ ಬಿಳಿ ಮೊದಲು, ಕಪ್ಪು ಆಮೇಲೆ. ಮಾಸ್ಕಿಂಗ್ ಟೇಪ್ ಅಂಟಿಸಿದ ಮೇಲೆ ಅದರ ಅಂಚಿನ ಮೇಲೆ ಮತ್ತೊಮ್ಮೆ ತೆಳುವಾಗಿ ಬಿಳಿಯನ್ನೇ ಸಿಂಪಡಿಸಿದರೆ, ಟೇಪಿನಡಿ ನುಸುಳುವುದೂ ಬಿಳಿಯೇ ಆಗಿರುತ್ತದೆ. ಅನಂತರ ಹಾಕಿದ ಕಪ್ಪಿನ ಗೆರೆ ಚೂರಿಯಿಂದ ಕೊಯ್ದಂತೆ ನಿಲ್ಲುತ್ತದೆ. ಮೇಲಿನ ಪಾರದರ್ಶಕ ಲ್ಯಾಕರನ್ನು ಮಾತ್ರ ಮಳೆಗಾಲದಲ್ಲಿ ನಾನು ಮುಟ್ಟುವುದಿಲ್ಲ. ಸಕಲೇಶಪುರದ ಕಡೆಯಿಂದ ಮೋಡ ಕವಿದು ಗಾಳಿಯಲ್ಲಿ ತೇವ ತುಂಬಿದಾಗ ಲ್ಯಾಕರ್ ಮಂಜು ಮುಸುಕಿದಂತೆ ಬೆಳ್ಳಗಾಗಿ, ಕಪ್ಪು ಪಟ್ಟಿಗಳನ್ನು ಕೆಡಿಸುತ್ತದೆ.

ಈಗ ಮೇಜಿನ ಮೇಲಿರುವುದು ಕೊಲಂಬಿಯಾ ಎಂಬ ಸ್ಪೇಸ್ ಶಟಲ್ ನೌಕೆಯ ಮಾದರಿ. 1981ರ ಎರಡು ಯಾನಗಳಲ್ಲಿ ಅದರ ದೊಡ್ಡ ಇಂಧನ ತೊಟ್ಟಿಗೆ ಬಿಳಿ ಬಳಿದಿದ್ದರು. 1982ರ ಮಾರ್ಚ್‌ನ ಮೂರನೆಯ ಯಾನದಿಂದ, ಸುಮಾರು 270 ಕಿಲೋ ತೂಕ ಉಳಿಸಲು ಬಣ್ಣವನ್ನೇ ಕೈಬಿಟ್ಟರು. ಹಾಗೆ ಬಯಲಾದ ನೊರೆಯ ಹೊದಿಕೆ ಹೊಸದಿದ್ದಾಗ ತಿಳಿಹಳದಿಯಾಗಿದ್ದು, ಬಿಸಿಲು ಬಿದ್ದಂತೆಲ್ಲ ಕಿತ್ತಳೆಗೂ ಕಂದಿಗೂ ತಿರುಗುತ್ತದೆ. ನಾನು ಮೂರನೆಯ ಯಾನವನ್ನು ಆರಿಸಿಕೊಂಡಿರುವುದರಿಂದ, ಹಳದಿಯಿಂದ ಕಂದಿನವರೆಗಿನ ಮಿಶ್ರಣಗಳನ್ನು ತುಂಡುಗಳ ಮೇಲೆ ಬಳಿದಿಟ್ಟು, ಉಡಾವಣೆಯ ದಿನದ ಚಿತ್ರಗಳ ಪಕ್ಕಕ್ಕಿಟ್ಟು ನೋಡುತ್ತಿದ್ದೇನೆ.