ಎರಡನೇ ಆಲ್ಟರ್ನೇಟರ್ ಹಾಕುವ ಮುನ್ನ ಕೇಬಲ್ ನೋಡಿ

ಡೀಸೆಲ್ ಟ್ರಕ್‌ಗೆ ಎರಡನೇ ಆಲ್ಟರ್ನೇಟರ್ (ಎಂಜಿನ್ ಬಲದಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ಕೂರಿಸುವವರು ಹಳೇ ಚಾರ್ಜಿಂಗ್ ವೈರನ್ನೇ ನಂಬಬೇಡಿ. ಹೊಸದರಿಂದ ಬ್ಯಾಟರಿಗೆ ಬೇರೆಯೇ ದಪ್ಪ ಕೇಬಲ್ ಎಳೆಯಿರಿ. ಫ್ಯೂಸ್ ಬ್ಯಾಟರಿ ತುದಿಯ ಹತ್ತಿರವೇ ಇರಲಿ. ಕೇಬಲ್ ಉಜ್ಜಿ ಟ್ರಕ್‌ನ ಬಾಡಿಯನ್ನು ಮುಟ್ಟಿದರೆ ಬೆಂಕಿ ಹಚ್ಚುವಷ್ಟು ಕರೆಂಟ್ ಬರುವುದು ಬ್ಯಾಟರಿಯಿಂದಲೇ. ಎಂಜಿನ್ ಬ್ಲಾಕ್‌ನಿಂದ ಬ್ಯಾಟರಿ ನೆಗೆಟಿವ್‌ಗೆ ಹೋಗುವ ಅರ್ತ್ ಕೇಬಲ್ಲೂ ಅಷ್ಟೇ ದಪ್ಪ ಬೇಕು, ಬಹಳ ಜನ ಮರೆಯುವುದು ಇದನ್ನೇ. ಕೆಲಸಕ್ಕೆ ಮೊದಲು ನೆಗೆಟಿವ್ ಬಿಚ್ಚಿ.

ಪುಲ್ಲಿಗಳು ಒಂದೇ ಗೆರೆಯಲ್ಲಿಲ್ಲದಿದ್ದರೆ ಬೆಲ್ಟ್ ಕಿರುಚುತ್ತದೆ, ಅಂಚು ಸವೆಯುತ್ತದೆ.

ಮುಗಿದ ಮೇಲೆ ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿ, 1500 ಆರ್‌ಪಿಎಂನಲ್ಲಿ ಬಿ ಪ್ಲಸ್‌ನಿಂದ (ಆಲ್ಟರ್ನೇಟರ್‌ನಿಂದ ಕರೆಂಟ್ ಹೊರಬರುವ ತುದಿ) ಬ್ಯಾಟರಿ ಪಾಸಿಟಿವ್‌ಗೆ ವೋಲ್ಟ್ ಮೀಟರ್ ಹಿಡಿಯಿರಿ. ಎರಡರ ನಡುವಿನ ವ್ಯತ್ಯಾಸ 0.3 ವೋಲ್ಟ್ ಮೀರಿದರೆ ಲಗ್ಗನ್ನೋ (ಕೇಬಲ್ ತುದಿಯ ಲೋಹದ ಕೊಂಡಿ) ಕೇಬಲನ್ನೋ ಸರಿಮಾಡಬೇಕು. ಒಂದೇ ಆಲ್ಟರ್ನೇಟರ್ ಹೆಚ್ಚು ದುಡಿದರೆ ಗಾಬರಿ ಬೇಡ: ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್‌ನ ಸೆಟ್ಟಿಂಗ್ ಯಾವುದರಲ್ಲಿ ತುಸು ಮೇಲಿದೆಯೋ ಅದು ಮೊದಲು ಲೋಡ್ ಹೊರುತ್ತದೆ, ಲೋಡ್ ಏರಿದಾಗ ಇನ್ನೊಂದು ಕೈಜೋಡಿಸುತ್ತದೆ.