ಫಾರ್ಮ್ಯಾಟ್ ಮಾಡಿಸುವ ಮುನ್ನ ಪರದೆ ಓದಿ

ಅಶ್ವಿನಿ, ಭರಣಿ ಮಳೆಗೆ ಗಾಳಿ ಎದ್ದು ಕರೆಂಟು ನಾಲ್ಕಾರು ಸಲ ಹೋಗಿ ಬಂದರೆ ಸಾಕು, ಮರುದಿನ ಮೈಸೂರು, ಮಂಡ್ಯದ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ಒಂದೇ ದೂರು: ‘ವಿಂಡೋಸ್ ಹೋಗಿದೆ, ಹೊಸದಾಗಿ ಹಾಕಿಕೊಡಿ’. ಹಾಕುವುದೇನೋ ಸುಲಭ. ಆದರೆ ಡಿಟಿಪಿ ಸೆಂಟರಿನ ವರ್ಷಗಟ್ಟಲೆಯ ನುಡಿ ಕಡತಗಳು, ಅಂಗಡಿಯ ಟ್ಯಾಲಿ ಲೆಕ್ಕ, ಮಕ್ಕಳ ಫೋಟೊಗಳು ಅದರ ಜೊತೆಗೇ ಅಳಿಸಿಹೋದರೆ ಗತಿಯೇನು? ಎಷ್ಟೋ ಸಲ ವಿಂಡೋಸ್ ಎಲ್ಲೂ ಹೋಗಿರುವುದಿಲ್ಲ, ಅದನ್ನು ಎಬ್ಬಿಸುವ ಸರಪಳಿಯಲ್ಲಿ ಒಂದು ಕೊಂಡಿ ಕಳಚಿರುತ್ತದೆ. ಯಾವುದು ಕಳಚಿದೆ ಎಂಬುದರ ಸುಳಿವು ಪರದೆಯ ಮೇಲೇ ಇರುತ್ತದೆ.

ಪವರ್ ಬಟನ್ ಒತ್ತಿದಾಗ ಕೆಲಸ ಹಾರ್ಡ್‌ಡಿಸ್ಕ್‌ನಿಂದ ಶುರುವಾಗುವುದಿಲ್ಲ. ತನ್ನ 12, 5, 3.3 ವೋಲ್ಟ್‌ಗಳು ಸ್ಥಿರವಾಗಿವೆ ಎಂದು ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆ ಸಂಕೇತ ಕೊಟ್ಟ ಮೇಲೆಯೇ ಪ್ರೊಸೆಸರ್ ಏಳುವುದು. ಅದು ಓದುವ ಮೊದಲ ಆದೇಶ ಮದರ್‌ಬೋರ್ಡಿನ ಪುಟ್ಟ ಚಿಪ್‌ನಲ್ಲಿದೆ: ಹಳೆಯ ಯಂತ್ರದಲ್ಲಿ ಬಯೋಸ್, ಈಚಿನದರಲ್ಲಿ ಯುಇಎಫ್‌ಐ. ಇದು ರ‍್ಯಾಮ್, ಡಿಸ್‌ಪ್ಲೇ, ಕೀಬೋರ್ಡ್ ತಪಾಸಣೆ ಮಾಡುತ್ತದೆ. ಇಲ್ಲಿಯೇ ಬೀಪ್ ಬೀಪ್ ಎಂದು ಪರದೆ ಕಪ್ಪಾಗಿ ಉಳಿದರೆ ಡಿಸ್ಕನ್ನು ಅನುಮಾನಿಸಬೇಡಿ. ಪ್ಲಗ್ ಕಿತ್ತು, ರ‍್ಯಾಮ್ ತೆಗೆದು ಅಂಚು ಒರೆಸಿ, ಕ್ಲಿಪ್ ಟಕ್ ಎನ್ನುವವರೆಗೆ ಮತ್ತೆ ಕೂರಿಸಿ.

ಅಷ್ಟರಲ್ಲಿ ಡಿಸ್ಕ್‌ನ ಮೋಟಾರು ವೇಗ ಹಿಡಿಯುತ್ತಿರುತ್ತದೆ. ಡೆಸ್ಕ್‌ಟಾಪಿನ ಮೂರೂವರೆ ಇಂಚಿನ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಓದುವ ಹೆಡ್ ತಟ್ಟೆಯನ್ನು ಮುಟ್ಟದೆ, ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ಗಾಳಿಯ ಪದರದ ಮೇಲೆ ತೇಲುತ್ತದೆ. ಡಿಸ್ಕ್ ಒಂದೇ ಲಯದಲ್ಲಿ ಟಕ್, ಟಕ್ ಎನ್ನುತ್ತಿದ್ದರೆ ಹೆಡ್ ತನ್ನ ಜಾಗ ಹುಡುಕಲಾಗದೆ ಒದ್ದಾಡುತ್ತಿದೆ ಎಂದು ಅನುಮಾನಿಸಿ. ಆಗ ಕೇಬಲ್ ಒಮ್ಮೆ ಬದಲಿಸಿ ನೋಡಿ; ಸದ್ದು ನಿಲ್ಲದಿದ್ದರೆ ಕೂಡಲೇ ಆಫ್ ಮಾಡಿ. ಚೆಕ್‌ಡಿಸ್ಕ್ ಎಂಬ ಡಿಸ್ಕ್ ತಪಾಸಣೆ ಓಡಿಸುವುದು, ಮತ್ತೆ ಮತ್ತೆ ಆನ್ ಮಾಡುವುದು ತಟ್ಟೆಯನ್ನು ಗೀಚಿ ಉಳಿದಿದ್ದನ್ನೂ ಹಾಳುಮಾಡಬಹುದು. ಮುಚ್ಚಳವನ್ನಂತೂ ಬಿಚ್ಚಲೇಬಾರದು. ಅದು ಡೇಟಾ ರಿಕವರಿಯವರ ಕೆಲಸ.

ಡಿಸ್ಕ್ ಸರಿಯಿದ್ದರೆ ಈಗ ಅಧಿಕಾರ ಹಸ್ತಾಂತರ. ಬಯೋಸ್ ಓದುವುದು ಡಿಸ್ಕಿನ ಮೊಟ್ಟಮೊದಲ ಸೆಕ್ಟರನ್ನು, ಬರೀ 512 ಬೈಟ್. ಅದರಲ್ಲಿ 446 ಬೈಟ್ ಕೋಡ್, 64 ಬೈಟ್ ನಾಲ್ಕು ಪಾರ್ಟಿಷನ್‌ಗಳ (ಡಿಸ್ಕಿನ ವಿಭಾಗಗಳ) ಪಟ್ಟಿ, ಕೊನೆಯ 2 ಬೈಟ್ 55ಎಎ ಎಂಬ ಮುದ್ರೆ. ಆ ಮುದ್ರೆ ಇಲ್ಲದಿದ್ದರೆ ‘ಇದರಿಂದ ಬೂಟ್ ಆಗದು’ ಎಂದು ಬಯೋಸ್ ಮುಂದಿನ ಡಿಸ್ಕಿಗೆ ಹೋಗುತ್ತದೆ. 446 ಬೈಟಿನಲ್ಲಿ ಇಡೀ ವಿಂಡೋಸ್ ಹಿಡಿಸುವ ಮಾತೇ ಇಲ್ಲ. ಸಕ್ರಿಯ ಪಾರ್ಟಿಷನ್ ಹುಡುಕಿ ಅದರ ಬೂಟ್ ಸೆಕ್ಟರಿಗೆ ಕೆಲಸ ಒಪ್ಪಿಸುವುದಷ್ಟೇ ಆ ಕೋಡಿನ ಹೊಣೆ. ಅಲ್ಲಿಂದ ಬೂಟ್‌ಮ್ಯಾನೇಜರ್, ಅದು ಓದುವ, ವಿಂಡೋಸ್ ಎಲ್ಲಿದೆಯೆಂದು ಹೇಳುವ ಬಿಸಿಡಿ ಎಂಬ ಪಟ್ಟಿ, ನಂತರ ವಿನ್‌ಲೋಡ್. ಅದು ವಿಂಡೋಸಿನ ತಿರುಳಾದ ಕರ್ನಲ್ಲನ್ನೂ ಡಿಸ್ಕಿನ ಡ್ರೈವರನ್ನೂ ಮೆಮೊರಿಗೆ ತುಂಬುತ್ತದೆ. ಯುಇಎಫ್‌ಐಗೆ ಆ 446 ಬೈಟ್ ಬೇಕಿಲ್ಲ. ಜಿಪಿಟಿ ಎಂಬ ಹೊಸ ಬಗೆಯ ಪಾರ್ಟಿಷನ್ ಪಟ್ಟಿಯಿರುವ ಡಿಸ್ಕಿನಲ್ಲಿ ಫ್ಯಾಟ್32 ಮಾದರಿಯ ಸಣ್ಣ ಪಾರ್ಟಿಷನ್, ವಿಂಡೋಸ್ ತಾನೇ ಮಾಡಿದ್ದಾದರೆ ಸಾಮಾನ್ಯವಾಗಿ 100 ಎಂಬಿ, ಇರುತ್ತದೆ. ಯುಇಎಫ್‌ಐ ಬೂಟ್‌ಮ್ಯಾನೇಜರನ್ನು ನೇರವಾಗಿ ಅಲ್ಲಿಂದಲೇ ಕರೆಯುತ್ತದೆ. ಲಿನಕ್ಸಿನಲ್ಲಿ ಬೂಟ್‌ಮ್ಯಾನೇಜರ್ ಜಾಗದಲ್ಲಿ ಹೆಚ್ಚಾಗಿ ಗ್ರಬ್.

ಈಗ ‘ನೋ ಬೂಟಬಲ್ ಡಿವೈಸ್’ ಎಂದು ಬಂದಿದೆ ಎನ್ನಿ. ಮೊದಲು ಸಿಕ್ಕಿಸಿಟ್ಟ ಪೆನ್‌ಡ್ರೈವ್ ಕೀಳಿ. ಮತ್ತೆ ಆನ್ ಮಾಡುತ್ತ ಡಿಲೀಟ್ ಅಥವಾ ಎಫ್2 ಒತ್ತಿ ಸೆಟಪ್‌ಗೆ ಹೋಗಿ, ಡಿಸ್ಕಿನ ಹೆಸರು ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಸಾಟಾ ಕೇಬಲ್ ನೋಡಿ: 7 ಪಿನ್ನಿನದು ಡೇಟಾ, 15 ಪಿನ್ನಿನದು ವಿದ್ಯುತ್. ಎರಡನ್ನೂ ಕಿತ್ತು ಮತ್ತೆ ಒತ್ತಿ ಕೂರಿಸಿ, ಬೋರ್ಡಿನ ಬೇರೆ ಪೋರ್ಟಿಗೂ ಹಾಕಿ ನೋಡಿ.

ಹೆಸರು ಕಂಡರೆ ಅಲ್ಲಿನ ದಿನಾಂಕದ ಕಡೆ ಕಣ್ಣು ಹಾಯಿಸಿ. ಎಷ್ಟೋ ವರ್ಷ ಹಿಂದಿನದು ತೋರಿಸುತ್ತಿದ್ದರೆ ಬೋರ್ಡಿನ ಮೇಲಿನ ಸಿಆರ್2032 ಬ್ಯಾಟರಿ, 20 ಮಿ.ಮೀ. ಅಗಲದ ಆ ಬಿಲ್ಲೆ, ಬಹುತೇಕ ಸತ್ತಿದೆ. ಹೊಸದು 3 ವೋಲ್ಟ್ ತೋರಬೇಕು, ಮಲ್ಟಿಮೀಟರಿನಲ್ಲಿ 2.7ಕ್ಕಿಂತ ಕೆಳಗಿದ್ದರೆ ಬದಲಿಸಿ. ಜನ ಗಮನಿಸದ ಕಾರಣ ಇದೇ. ಬ್ಯಾಟರಿ ಹೋದರೆ ಹಳೆಯ ಬೋರ್ಡುಗಳಲ್ಲಿ ಬೂಟ್ ಕ್ರಮವೂ ಸಾಟಾ ಮೋಡೂ (ಬೋರ್ಡು ಡಿಸ್ಕಿನ ಜೊತೆ ಮಾತಾಡುವ ರೀತಿ: ಎಎಚ್‌ಸಿಐ, ಐಡಿಇ ಅಥವಾ ರೈಡ್) ಕಾರ್ಖಾನೆಯ ಸ್ಥಿತಿಗೆ ಮರಳುತ್ತವೆ. ಎಎಚ್‌ಸಿಐನಲ್ಲಿ ಹಾಕಿದ್ದ ವಿಂಡೋಸ್ ಈಗ ಐಡಿಇ ಅಥವಾ ರೈಡ್‌ನಲ್ಲಿ ಏಳಲು ಹೋಗಿ, ಡಿಸ್ಕಿನ ಡ್ರೈವರ್ ಹೊಂದದೆ, ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆಗೆ ಬಂದು ನಿಲ್ಲುತ್ತದೆ. ಮೋಡನ್ನು ಮೊದಲಿನಂತೆ ಎಎಚ್‌ಸಿಐಗೆ ತನ್ನಿ, ಸೇವ್ ಮಾಡಿ. ಕಾರಣ ಇದಾಗಿದ್ದರೆ ಒಂದು ಕಡತವನ್ನೂ ಮುಟ್ಟದೆ ವಿಂಡೋಸ್ ಎದ್ದು ಬರುತ್ತದೆ. ಲೆಗಸಿ (ಹಳೆಯ ಬಯೋಸ್ ರೀತಿ), ಯುಇಎಫ್‌ಐ ಆಯ್ಕೆಯೂ ಹಾಗೆಯೇ: ಒಂದರಲ್ಲಿ ಹಾಕಿದ್ದು ಇನ್ನೊಂದರಲ್ಲಿ ಬೂಟ್ ಆಗುವುದಿಲ್ಲ.

‘ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್’ ಎಂದೋ ಬಿಸಿಡಿ ದೋಷವೆಂದೋ ಬಂದರೆ ಡಿಸ್ಕ್ ಸಿಕ್ಕಿದೆ, ಬೂಟ್‌ಮ್ಯಾನೇಜರ್ ಅಥವಾ ದಾರಿ ಹೇಳುವ ಪಟ್ಟಿ ಕೆಟ್ಟಿರಬಹುದು. 8 ಜಿಬಿ ಪೆನ್‌ಡ್ರೈವಿನಲ್ಲಿ ವಿಂಡೋಸ್ ಇನ್‌ಸ್ಟಾಲರ್ ಮಾಡಿಕೊಂಡು ಅದರಿಂದ ಬೂಟ್ ಮಾಡಿ. ‘ಇನ್‌ಸ್ಟಾಲ್’ ಒತ್ತಬೇಡಿ, ರಿಪೇರಿಯ ಆಯ್ಕೆಗೆ ಹೋಗಿ ಸ್ಟಾರ್ಟಪ್ ರಿಪೇರಿ ಓಡಿಸಿ. ಅದರಿಂದ ಆಗದಿದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಬಿಸಿಡಿಬೂಟ್ ಆದೇಶದಿಂದ ಪಟ್ಟಿಯನ್ನು ಮತ್ತೆ ಬರೆಸಬಹುದು. ಅಲ್ಲಿ ವಿಂಡೋಸ್ ಇರುವ ಡ್ರೈವ್ ಸಿ ಬದಲು ಡಿ ಎಂದು ಕಾಣಬಹುದು, ಅಕ್ಷರ ಖಚಿತಪಡಿಸಿಕೊಂಡೇ ಆದೇಶ ಕೊಡಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ, ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ಲೋಗೊ ಬಂದು ಚುಕ್ಕಿಗಳು ಬಹಳ ಹೊತ್ತು ಸುತ್ತುತ್ತಲೇ ಇದ್ದರೆ ಡಿಸ್ಕ್ ಸೆಕ್ಟರ್‌ಗಳನ್ನು ಓದಲು ತಿಣುಕುತ್ತಿರಬಹುದು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ವರದಿಯಲ್ಲಿ 5 ಮತ್ತು 197 ಎಂಬ ಗುರುತಿನ ಸಾಲುಗಳನ್ನು ನೋಡಿ. ಬದಲಿಸಿದ ಸೆಕ್ಟರ್, ಬದಲಿಸಲು ಕಾದಿರುವ ಸೆಕ್ಟರ್‌ಗಳ ಲೆಕ್ಕ ಅಲ್ಲಿದೆ. ಸಂಖ್ಯೆ ಏರುತ್ತಿದ್ದರೆ ಮೊದಲು ಕಡತಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿ, ಮಿಕ್ಕ ರಿಪೇರಿ ಆಮೇಲೆ.

ಅಂಗಡಿಗೇ ಒಯ್ಯುವುದಾದರೆ ದೋಷದ ಪರದೆಯ ಫೋಟೊ ತೆಗೆದುಕೊಂಡು ಹೋಗಿ, ‘ಡೇಟಾ ಉಳಿಯಬೇಕು, ಕೇಳದೆ ಫಾರ್ಮ್ಯಾಟ್ ಮಾಡಬಾರದು’ ಎಂದು ರಸೀತಿಯ ಮೇಲೆ ಬರೆಸಿಕೊಳ್ಳಿ.